ವೋಕ್ಸ್ ವಾಕಿಟಾಕಿ ಬೇಡ ಮಾರ್ರೆ: ದೋಣಿಯ ಹೆಡ್‌ಸೆಟ್ ಬಗ್ಗೆ ಉತ್ತರ

ಮೂವತ್ತಡಿ ಫೈಬರ್ ದೋಣಿ, ತಂಡೇಲರು (ದೋಣಿ ನಡೆಸುವವರು) ಸೇರಿ ನಾಲ್ಕು ಜನ, ಕೈ ಬಲೆಯಲ್ಲಿರುವಾಗಲೂ ಮಾತಾಡಲಿಕ್ಕೆ ಆಗಬೇಕು, ವೋಕ್ಸ್ ಇರುವ, ಅಂದರೆ ಬಟನ್ ಒತ್ತದೆ ದನಿಗೇ ತೆರೆಯುವ ವಾಕಿಟಾಕಿ ಸೆಟ್ ನೋಡಿಟ್ಟಿದ್ದೇನೆ, ತಗೊಳ್ಳಲಾ ಅಂತ ಅಣ್ಣ ಒಬ್ಬರು ಮೇಲೆ ಕೇಳಿದ್ದಾರೆ. ಅದರ ಕೆಳಗೆ ಸಾಲಾಗಿ "ಸೂಪರ್, ತಗೊಳ್ಳಿ". ತಗೊಳ್ಳಬೇಡಿ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ 1ಕ್ಕೆ ಕಡಲಿಗೆ ಇಳಿಯುವ ಮೊದಲು ಪ್ರತಿ ಸಲ ಇದೇ ಪ್ರಶ್ನೆ ಬರುತ್ತದೆ, ಬಲೆ ಎರಡು ಸಲ ಹಾಕುವುದರೊಳಗೆ ಅದೇ ಸೆಟ್ ಇದೇ ಗುಂಪಿನಲ್ಲಿ ಮಾರಾಟಕ್ಕೂ ಬರುತ್ತದೆ.

ವೋಕ್ಸ್‌ಗೆ ಗೊತ್ತಿರುವುದು ಒಂದೇ: ಮೈಕ್‌ಗೆ ಇಷ್ಟು ಗಟ್ಟಿ ಸದ್ದು ಬಿದ್ದರೆ ಲೈನ್ ತೆರೆ. ಔಟ್‌ಬೋರ್ಡ್ ಪಕ್ಕ ಕೂತವರ ಮೈಕ್‌ಗೆ ಇಂಜಿನ್ನೇ ಗಟ್ಟಿ ಸದ್ದು. ಸೆನ್ಸಿಟಿವಿಟಿ ಹೆಚ್ಚಿಟ್ಟರೆ ತಂಡೇಲರ ಲೈನ್ ಮುಚ್ಚುವುದೇ ಇಲ್ಲ, ವಾಕಿಟಾಕಿಯಲ್ಲಿ ಒಬ್ಬರ ಲೈನ್ ತೆರೆದಿದ್ದರೆ ಮಿಕ್ಕವರು ಬಾಯಿ ಬಡ್ಕೊಂಡರೂ ಅವರಿಗೆ ಕೇಳಿಸುವುದಿಲ್ಲ. ಕಮ್ಮಿ ಇಟ್ಟರೆ ಮಾತು ಶುರುವಾದ ಮೇಲೆ ತೆರೆಯುತ್ತದೆ, ಮೊದಲ ಅಕ್ಷರ ಹೋಯಿತು. ಈಗ ದಕ್ಕೆಗೆ (ದೋಣಿ ಕಟ್ಟುವ ಕಟ್ಟೆಗೆ) ಹತ್ತಿರ ಬರುತ್ತಿದ್ದೀರಿ, ಮುಂದೆ ನಿಂತ ಹುಡುಗ "ಹಿಂದೆ ಹಾಕಿ" ಅಂತಾನೆ. ಕೇಳಿಸುವುದು "ದೆ ಹಾಕಿ". "ಮುಂದೆ ಹಾಕಿ" ಅಂದಿದ್ದರೂ ಕೇಳಿಸುವುದು "ದೆ ಹಾಕಿ"ಯೇ. ಗೇರ್ ಯಾವ ಕಡೆ ತಳ್ಳುತ್ತೀರಿ?

ಈಗಾಗಲೇ ದುಡ್ಡು ಕೊಟ್ಟಾಗಿದ್ದರೆ ಎರಡು ದಾರಿ ಉಂಟು. ಪ್ರತಿ ಮಾತಿನ ಮೊದಲು "ತಂಡೇಲರೇ" ಅಂತ ಕರೆದು, ಅರ್ಧ ಉಸಿರು ಬಿಟ್ಟು, ಆಮೇಲೆ ವಿಷಯ ಹೇಳುವುದು. ಆ ಕರೆ ಲೈನ್ ತೆರೆಯಲಿಕ್ಕೆ, ಅದು ಅರ್ಧ ಹೋದರೂ ನಷ್ಟವಿಲ್ಲ. ಇಲ್ಲವಾದರೆ ವೋಕ್ಸ್ ಬಂದ್ ಮಾಡಿ ಬಟನ್ ಒತ್ತಿ ಮಾತಾಡುವುದು, ಆಗ ಕೈ ಖಾಲಿ ಎಂಬ ಮಾತೇ ಇಲ್ಲ. ಎರಡನೆಯದಾದರೆ ಬಟನ್‌ನ ವಯರ್ ಲೈಫ್ ಜಾಕೆಟ್‌ನ ಒಳಗಿಂದಲೇ ಬರಬೇಕು. ವಿಂಚ್ ಹತ್ತಿರ ನೇತಾಡುವ ಸುರುಳಿ ವಯರ್ ಯಾವತ್ತೂ ಬೇಡ, ಡ್ರಮ್ ವಯರನ್ನು ಎಳಕೊಂಡರೆ ಅದರ ತುದಿಯಲ್ಲಿ ನಿಮ್ಮ ಕುತ್ತಿಗೆ ಇರುತ್ತದೆ.

ಲೈಸೆನ್ಸ್ ವಿಷಯ ಯಾರೂ ಎತ್ತಲಿಲ್ಲ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ವಾಕಿಟಾಕಿ 446.0ರಿಂದ 446.2 ಮೆಗಾಹರ್ಟ್ಸ್ ಒಳಗಿನ, ಕಡಿಮೆ ಪವರ್‌ನ ಸೆಟ್ ಮಾತ್ರ, ಅದಕ್ಕೂ ಇಟಿಎ, ಅಂದರೆ ಆ ಮಾದರಿಯ ಸೆಟ್‌ಗೆ ಸರಕಾರದ ಮಂಜೂರಾತಿ ಇರಬೇಕು. ಅಗ್ಗಕ್ಕೆ ಸಿಗುವ ಬಾವ್‌ಫೆಂಗ್ ತರಹದ್ದು 400ರಿಂದ 470ರವರೆಗೆ ಎಲ್ಲಿ ಬೇಕಾದರೂ ಹೋಗುತ್ತದೆ, ಅದು ಈ ರಿಯಾಯಿತಿಯಲ್ಲಿ ಬರುವುದಿಲ್ಲ. ಆನ್‌ಲೈನ್‌ನಲ್ಲಿ ಹೀಗೆ ಮಾರುವವರ ಮೇಲೆ 2025ರಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ನಿಯಮವನ್ನೇ ತಂದಿದೆ. ಕಾರವಾರದ ಕಡೆ ನೌಕಾನೆಲೆ ಪಕ್ಕದಲ್ಲಿ ಓಡಾಡುವವರಂತೂ ಇಂಥದ್ದನ್ನು ದೋಣಿಯಲ್ಲಿ ಇಡಲೇಬೇಡಿ.

ಇನ್ನೊಬ್ಬರು "ಅಮೆರಿಕದಿಂದ ತಮ್ಮ ಇಯರ್‌ಟೆಕ್ ತರ್ತಾನೆ" ಅಂದಿದ್ದಾರೆ, ಅದು ವಯರ್ ಇಲ್ಲದ ಹೆಡ್‌ಸೆಟ್. ಹೊರದೇಶದ ಹಾಯಿದೋಣಿಯವರಲ್ಲಿ ಅದು ಹೆಸರುವಾಸಿ, ಇಬ್ಬರೂ ಒಟ್ಟಿಗೆ ಮಾತಾಡಬಹುದು, ವೋಕ್ಸ್ ತಾಪತ್ರಯ ಇಲ್ಲ, ಮೈಕ್ ಕಡ್ಡಿ ಮೇಲೆತ್ತಿದರೆ ಮ್ಯೂಟ್. ಒಳ್ಳೆಯ ಮಾಲು. ಆದರೆ ಅದು ಡೆಕ್ಟ್, ಅಂದರೆ ಕಾರ್ಡ್‌ಲೆಸ್ ಫೋನಿನ ತಂತ್ರದ್ದು, ಅಮೆರಿಕದ ಡೆಕ್ಟ್ ಸೆಟ್ ನಡೆಯುವುದು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ, ನಮ್ಮಲ್ಲಿ ಅದು ಮೊಬೈಲ್‌ನಿಂದ ಟವರ್‌ಗೆ ಹೋಗುವ ಬ್ಯಾಂಡ್. ದಡದ ಹತ್ತಿರ ಟವರ್‌ಗೆ ನೀವೇ ಕಿರಿಕಿರಿ ಆಗುತ್ತೀರಿ. ಬೇಡ. ಮದುವೆ ವಿಡಿಯೋದವರು ಹಾಕುವ ಹಾಲಿಲ್ಯಾಂಡ್ ಹೆಡ್‌ಸೆಟ್‌ನಲ್ಲೂ ಇದನ್ನೇ ನೋಡಿ: ಸಿ1 ಡೆಕ್ಟ್, ಎಸ್‌ಇ 2.4 ಗಿಗಾಹರ್ಟ್ಸ್. ಎರಡೂ ಉಪ್ಪುನೀರಿಗೆ ಮಾಡಿದ್ದಲ್ಲ.

ಫೋನ್ ಗ್ರೂಪ್ ಕಾಲ್, ಇಯರ್‌ಬಡ್ ಅಂದವರಿಗೆ: ಟವರ್ ಸಿಗುವಲ್ಲಿಯೂ ಮಾತು ತಡವಾಗಿ ತಲುಪುತ್ತದೆ, ನೀರಿನ ಹನಿ ಬಿದ್ದರೆ ಬಡ್‌ನ ಟಚ್ ಅದನ್ನೇ ಬೆರಳು ಅಂದುಕೊಂಡು ಕಾಲ್ ಕಟ್ ಮಾಡುತ್ತದೆ, ಕೂಗಿದರೆ ನಿಮ್ಮ ಕೂಗನ್ನೇ ಗದ್ದಲ ಅಂತ ಅಳಿಸಿ ಹಾಕುತ್ತದೆ. ಮುಂದೆ ಹೋಗೋಣ.

ನಮ್ಮ ದೋಣಿಗೆ ಹೊಂದುವುದು ಬೈಕ್‌ನವರ ಇಂಟರ್‌ಕಾಮ್. 2.4 ಗಿಗಾಹರ್ಟ್ಸ್ ಆದ್ದರಿಂದ ಲೈಸೆನ್ಸ್ ಬೇಡ, ಎಲ್ಲರೂ ಒಟ್ಟಿಗೆ ಮಾತಾಡಬಹುದು. ನಾಲ್ಕು ಜನ ಅಂದ ಮೇಲೆ ಮೆಶ್ (ಎಲ್ಲ ಸೆಟ್‌ಗಳೂ ಒಂದೇ ಜಾಲವಾಗಿ ಸೇರಿಕೊಳ್ಳುವುದು) ಇರುವುದನ್ನೇ ತಗೊಳ್ಳಿ. ಎಜಿಯಾಸ್ ವಿ6 ತರಹದ ಅಗ್ಗದ್ದರಲ್ಲಿ ಆರು ಸೆಟ್ ಜೋಡಿಸಬಹುದು ಅಂತ ಡಬ್ಬಿ ಮೇಲೆ ಇರುತ್ತದೆ, ಆದರೆ ಒಂದು ಹೊತ್ತಿಗೆ ಮಾತಾಡುವುದು ಇಬ್ಬರೇ. ಇಬ್ಬರೇ ಹೋಗುವ ಸಣ್ಣ ದೋಣಿಗಾದರೆ ಅದೂ ಆದೀತು. ಕಾರ್ಡೋ ಪ್ಯಾಕ್‌ಟಾಕ್ ಐಪಿ67 (ಧೂಳು, ನೀರು ತಡೆಯುವ ಮಟ್ಟ), ದುಬಾರಿ, ನಾಲ್ಕು ಸೆಟ್ ಅಂದರೆ ಕೈ ಸುಡುತ್ತದೆ. ಮಳೆಗಾಲದಲ್ಲಿ ಇಳಿಯುವ ನಾಡದೋಣಿಯವರಿಗೆ ಆ ದುಡ್ಡು ಸಾರ್ಥಕ. ಡಬ್ಬಿ ಮೇಲಿನ ಕಿಲೋಮೀಟರ್ ಲೆಕ್ಕ ನೋಡಿ ಮಾತ್ರ ದುಡ್ಡು ಕೊಡಬೇಡಿ, ಮೂವತ್ತಡಿಯಲ್ಲಿ ರೇಂಜ್ ಯಾರಿಗೆ ಬೇಕು? ದುಡ್ಡು ಹೋಗಬೇಕಾದ್ದು ಮೈಕ್‌ಗೆ.

ಹೆಲ್ಮೆಟ್ ಇಲ್ಲದೆ ಅದನ್ನು ಹಾಕುವುದು ಹೇಗೆ ಅಂತ ಕೇಳುತ್ತೀರಿ. ಕಳೆ ಕೊಚ್ಚುವ ಮಷಿನ್‌ನವರು ಕಿವಿಗೆ ಹಾಕುವ ಇಯರ್‌ಮಫ್ ಉಂಟಲ್ಲ, ಅದನ್ನು ತನ್ನಿ. ತಲೆಪಟ್ಟಿ ಪ್ಲಾಸ್ಟಿಕ್ಕಿನದೇ ಇರಲಿ, ಕಬ್ಬಿಣದ ಕಡ್ಡಿಯದ್ದು ತುಕ್ಕು ಹಿಡಿದು ಕಿವಿ ಮೇಲೆ ಕೆಂಪು ಗೆರೆ ಬರೆಯುತ್ತದೆ. ಕಿವಿಯ ಮೆತ್ತೆ ಎಳೆದರೆ ಕಳಚಿ ಬರುತ್ತದೆ, ಒಳಗಿನ ಸ್ಪಂಜ್ ತೆಗೆಯಿರಿ. ಇಂಟರ್‌ಕಾಮ್‌ನ 40 ಮಿಲಿಮೀಟರ್ ಸ್ಪೀಕರ್ ಕಪ್ಪಿನೊಳಗೆ ಸಲೀಸಾಗಿ ಕೂರುತ್ತದೆ. ಅರ್ಧ ಸ್ಪಂಜನ್ನು ಹಿಂದೆ ಉಳಿಸಿ, ಅದರ ಮೇಲೆ ಸ್ಪೀಕರ್ ಇಟ್ಟು ವೆಲ್ಕ್ರೋ ಅಂಟಿಸಿ. ಎಲ್ಲರೂ ತಪ್ಪುವುದು ಇನ್ನು ಮುಂದೆ: ವಯರನ್ನು ಮೆತ್ತೆಯ ಅಡಿಯಿಂದ ಹೊರಗೆ ತರುತ್ತಾರೆ. ಅಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟರೂ ಇಂಜಿನ್ನಿನ ಗುಂಯ್ ಸದ್ದು ಅದರಿಂದಲೇ ಒಳಗೆ ನುಗ್ಗುತ್ತದೆ, ಮಫ್ ಹಾಕಿದ್ದೇ ದಂಡ. ಕಪ್ಪಿನ ಕೆಳಗೆ 5 ಮಿಲಿಮೀಟರ್ ತೂತು ಕೊರೆದು, ವಯರ್ ಅದರಲ್ಲಿ ತಂದು, ಒಳಗಿನಿಂದ ಒಂದು ಗಂಟು ಹಾಕಿ, ಸಿಲಿಕೋನ್‌ನಿಂದ ಮುಚ್ಚಿ. ವಿನೆಗರ್ ವಾಸನೆ ಬರುವ ಮಾಮೂಲಿ ಸಿಲಿಕೋನ್ ಬೇಡ, ಅದರಿಂದ ಬರುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಅಂತ ಕೇಳಿ ತಗೊಳ್ಳಿ. ಒಂದು ದಿನ ಒಣಗಲಿ.

ಮೈಕ್ ಕಡ್ಡಿಯದ್ದೇ ಬೇಕು. ಪೂರ್ತಿ ಹೆಲ್ಮೆಟ್‌ಗೆ ಬರುವ ವಯರ್ ಮೈಕ್ ಇಲ್ಲಿ ಪ್ರಯೋಜನಕ್ಕಿಲ್ಲ, ಅರ್ಧ ಹೆಲ್ಮೆಟ್‌ನ ಕಿಟ್ ಅಂತ ಕೇಳಿ. ತುಟಿಯ ಮೂಲೆಗೆ ಒಂದು ಬೆರಳು ದೂರ, ಬಾಯಿಯ ನೇರಕ್ಕೆ ಅಲ್ಲ, ಉಸಿರು ಬಡಿಯುತ್ತದೆ. ಗದ್ದಲ ಕಳೆಯುವ ಮೈಕ್‌ಗೆ ಹಿಂದೆಯೂ ಒಂದು ತೂತು ಇರುತ್ತದೆ, ಹೊರಗಿನ ಸದ್ದನ್ನು ಅಲ್ಲಿಂದ ಕೇಳಿ ಕಳೆಯುವುದು. ನೀರು ಹೋಗದಿರಲಿ ಅಂತ ಟೇಪ್ ಸುತ್ತಿದರೆ ಆ ತೂತು ಮುಚ್ಚಿ ಗದ್ದಲ ಪೂರಾ ಲೈನಿಗೆ ಬರುತ್ತದೆ. ಟೇಪ್ ಸುತ್ತಬೇಡಿ ಅಂತ ಎಷ್ಟು ಸಲ ಬರೆದರೂ ಮುಂದಿನ ಫೋಟೋದಲ್ಲಿ ಅದೇ ಕಪ್ಪು ಟೇಪು! ಗಾಳಿಗೆ ಸ್ಪಂಜಿನ ಟೋಪಿ ಸಾಕು. ಅದು ಉಪ್ಪುನೀರು ಕುಡಿದು ಭಾರವಾದರೆ ದನಿ ಹೂತುಹೋದ ಹಾಗೆ ಕೇಳುತ್ತದೆ, ಹಿಂಡಿ ಬೇರೆ ಹಾಕಿ. ಒಬ್ಬೊಬ್ಬರಿಗೆ ಮೂರು ಸ್ಪಂಜ್ ಇಟ್ಟುಕೊಳ್ಳಿ, ಚಿಲ್ಲರೆ ಬೆಲೆ.

ಎರಡೂ ಕಿವಿ ಮುಚ್ಚುವುದು ಔಟ್‌ಬೋರ್ಡ್ ಪಕ್ಕ ಕೂತ ತಂಡೇಲರಿಗೆ ಮಾತ್ರ. ಲಂಗರಿನವನಿಗೆ ಸರಪಳಿಯ ಸದ್ದು ಕೇಳಬೇಕು, ಬಲೆಯವರಿಗೆ ಪಕ್ಕದ ಬೋಟ್‌ನ ಹಾರ್ನ್ ಕೇಳಬೇಕು. ಅವರು ಒಂದು ಕಪ್ ಕಿವಿಯ ಹಿಂದೆ ಎಲುಬಿನ ಮೇಲೆ ಕೂರಿಸಿಕೊಳ್ಳಲಿ. ಬೋನ್ ಕಂಡಕ್ಷನ್ (ಕಿವಿ ಮುಚ್ಚದೆ ಎಲುಬಿನ ಮೂಲಕ ಕೇಳಿಸುವ ಹೆಡ್‌ಸೆಟ್) ಚಂದ ಅಂತ ಯಾರೋ ಬರೆದಿದ್ದಾರೆ. ಸದ್ದಿಲ್ಲದ ಹಾಯಿದೋಣಿಗೆ ಚಂದ, ಇಂಜಿನ್ ಪಕ್ಕ ಏನೂ ಕೇಳುವುದಿಲ್ಲ.

ಐಪಿಎಕ್ಸ್7 ಅಂದರೆ ಒಂದು ಮೀಟರ್ ಸಿಹಿನೀರಿನಲ್ಲಿ ಅರ್ಧ ಗಂಟೆ. ಪೈಪಿನಿಂದ ರಭಸವಾಗಿ ಹೊಡೆಯುವ ನೀರಿನ ಪರೀಕ್ಷೆ ಬೇರೆ, ಅದು ಐಪಿಎಕ್ಸ್6. ಡೆಕ್ ತೊಳೆಯುವ ಪೈಪ್ ತಾಗಿ ಕೆಟ್ಟರೆ ಕಂಪನಿಗೆ ಬೈಯಬೇಡಿ. ಹೆಚ್ಚು ಸೆಟ್ ಸಾಯುವುದು ಚಾರ್ಜಿಂಗ್‌ನಲ್ಲಿ: ಪಿನ್ ಒದ್ದೆ ಇರುವಾಗ ಕರೆಂಟ್ ಕೊಟ್ಟರೆ ಉಪ್ಪುನೀರಿನಲ್ಲಿ ಲೋಹ ಕರಗಿ ಹಸಿರು ಕಟ್ಟುತ್ತದೆ. ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ, ರಾತ್ರಿ ಮನೆಯಲ್ಲಿ ಮುಚ್ಚಳ ತೆರೆದು ಒಣಗಿಸಿ, ಬೆಳಿಗ್ಗೆ ಎದ್ದು ಚಾರ್ಜ್ ಹಾಕಿ. ಬಿಸಿಲಿಗೆ ಕಾದ ಸೆಟ್ಟನ್ನು ತಣಿಯುವ ಮೊದಲು ಚಾರ್ಜ್‌ಗೆ ಇಡಬೇಡಿ.

ದೋಣಿಯಲ್ಲೇ 12 ವೋಲ್ಟ್‌ನಿಂದ ಯುಎಸ್‌ಬಿ ಚಾರ್ಜರ್ ಹಾಕುವವರು ಇದೊಂದು ನೋಡಿ: ವಿಎಚ್‌ಎಫ್‌ನ (ಬೋಟ್‌ಗಳ ರೇಡಿಯೋದ) ಸ್ಕ್ವೆಲ್ಚ್, ಅಂದರೆ ಸೊಂಯ್ ಸದ್ದು ತಡೆಯುವ ತಿರುಪು, ಪೂರ್ತಿ ತೆರೆದು, ಚಾರ್ಜರ್ ಹಾಕಿ ತೆಗೆದು ಮಾಡಿ. ಹಾಕಿದಾಗ ಸೊಂಯ್ ಸದ್ದು ಬದಲಾದರೆ, ದೂರದ ಬೋಟ್ ಕರೆದಾಗ ನಿಮಗೆ ಕೇಳಿಸುವುದಿಲ್ಲ. ಆ ಚಾರ್ಜರ್ ಬಿಸಾಡಿ. ಹೆಡ್‌ಸೆಟ್ ಬಂತು ಅಂತ ವಿಎಚ್‌ಎಫ್ ಬಂದ್ ಮಾಡುವವರೂ ಇದ್ದಾರೆ! ಅಪಾಯದ ಕರೆಯ ಚಾನೆಲ್ 16 ಆನ್ ಇರಲಿ, ಕೋಸ್ಟ್ ಗಾರ್ಡ್‌ನ 1554 ಎಲ್ಲರ ಫೋನಿನಲ್ಲಿರಲಿ. ನೀರಿಗೆ ಬಿದ್ದವನ ಹೆಡ್‌ಸೆಟ್‌ನಿಂದ ದನಿ ಬರುತ್ತದೆ ಅಂತ ಕಾಯಬೇಡಿ, ತಲೆ ಮುಳುಗಿದ ಕ್ಷಣ 2.4 ಗಿಗಾಹರ್ಟ್ಸ್ ಸತ್ತಿತು.

ಮಾತನ್ನೂ ದಡದಲ್ಲೇ ಗೊತ್ತು ಮಾಡಿಕೊಳ್ಳಿ. "ಹಿಂದೆ", "ಮುಂದೆ" ಬಿಟ್ಟುಬಿಡಿ, "ರಿವರ್ಸ್", "ಫಾರ್ವರ್ಡ್" ಅನ್ನಿ. ಬರೀ "ನಿಲ್ಲಿಸಿ" ಅಂದರೆ ಇಂಜಿನ್ನಾ ವಿಂಚಾ? "ವಿಂಚ್ ಸ್ಟಾಪ್" ಅನ್ನಿ. "ಬಿಡಬೇಡಿ" ಎಂಬ ಮಾತೇ ಬೇಡ, ಬಾಲ ಗಾಳಿಗೆ ಹೋದರೆ ಉಳಿಯುವುದು "ಬಿಡ". "ಹಿಡ್ಕೊಳ್ಳಿ" ಅನ್ನಿ. ಆಳ ಹೇಳುವಾಗ ಮಾರು ಅಂದರೆ ಎಲ್ಲರೂ ಮಾರು, ಒಬ್ಬ ಮೀಟರ್ ಒಬ್ಬ ಮಾರು ಆಗಬಾರದು. ಕೇಳಿದವರು ಅದನ್ನೇ ತಿರುಗಿ ಹೇಳಬೇಕು, ಬರೀ "ಹ್ಞಾಂ" ಸಾಲದು. ದಕ್ಕೆ ಹತ್ತಿರ ಹೆಡ್‌ಸೆಟ್ ಸತ್ತು ದನಿ ನಿಂತರೆ ತಂಡೇಲರು ನ್ಯೂಟ್ರಲ್‌ಗೆ ಬಂದು ಮುಂದಿನವನ ಕೈ ನೋಡಬೇಕು.

ನದಿ ಕಡಲು ಸೇರುವ ಅಳಿವೆಯಲ್ಲಿ ಈ ನ್ಯೂಟ್ರಲ್ ನಿಯಮ ಇಲ್ಲ, ಅಲ್ಲಿ ಇಂಜಿನ್ನಿನ ತಳ್ಳು ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಒಳಗೆ ಬರುವಾಗ ಒಬ್ಬ ಹಿಂದಕ್ಕೆ ಮುಖ ಮಾಡಿ ಕೂತು ಅಲೆ ಮಾತ್ರ ಹೇಳಲಿ: "ಸಣ್ಣದು, ಸಣ್ಣದು, ದೊಡ್ಡದು ಬಂತು". ಮಿಕ್ಕವರ ಬಾಯಿ ಬಂದ್, ಮೈಕ್ ಮ್ಯೂಟ್. ತಂಡೇಲರಿಗೆ ತಿರುಗಿ ನೋಡುವ ಕೆಲಸ ತಪ್ಪುತ್ತದೆ.

ಅಣ್ಣ, ನಿಮ್ಮ ಇಂಜಿನ್ ಎಷ್ಟು ಎಚ್‌ಪಿ, ತಂಡೇಲರು ಹಿಂದೆ ಇಂಜಿನ್ನಿನ ಟಿಲ್ಲರ್ (ತಿರುಗಿಸುವ ಹಿಡಿ) ಹಿಡಿದು ಕೂರುವುದಾ ಅಥವಾ ಮುಂದೆ ಸ್ಟಿಯರಿಂಗ್ ಉಂಟಾ, ಅದನ್ನು ಬರೆಯಿರಿ. ಸ್ಟಿಯರಿಂಗ್ ಮುಂದಿದ್ದರೆ ಎಲ್ಲರಿಗೂ ಮಫ್ ಬೇಕಾಗಲಿಕ್ಕಿಲ್ಲ, ಎರಡು ಮಫ್‌ನ ಖರ್ಚಾದರೂ ಉಳಿದೀತು.