ನಾಯಿ ಹೊರಗೆ ಹೋಗಿ ಸಗಣಿ, ಕಸ ತಿಂದು ಬಂದು ವಾಂತಿ ಮಾಡುತ್ತದೆ. ಮನೆಯಲ್ಲೇ ಏನು ಮಾಡಬಹುದು?

ನಮ್ಮ ಕೆಂಚನಿಗೂ ಇದೇ ಚಾಳಿ. ಬೀದಿಯಿಂದ ತಂದು ಸಾಕಿದ ನಾಯಿ, ಈಗ ಏಳು ವರ್ಷ. ತಟ್ಟೆಗೆ ಹಾಕಿದ ಅನ್ನ ಮೂಸಿ ಮುಖ ತಿರುಗಿಸುತ್ತಾನೆ, ಸಗಣಿ ಕಂಡರೆ ಬಾಲ ಅಲ್ಲಾಡಿಸಿಕೊಂಡು ಓಡುತ್ತಾನೆ.

ನಮಗೆ ಹೇಸಿಗೆ ಅನ್ನಿಸಿದ್ದೆಲ್ಲ ನಾಯಿಗೆ ಅಪಾಯವೇನಲ್ಲ. ಸಗಣಿ ತಿಂದವನು ಒಂದೆರಡು ಸಲ ಕಕ್ಕಿ ಸರಿಹೋಗುತ್ತಿದ್ದ. (ಜಂತುಹುಳದ ಔಷಧಿ ಮಾತ್ರ ತಪ್ಪಿಸಬೇಡಿ.) ಅವನ ಜೀವಕ್ಕೇ ಬಂದದ್ದು ನಾವು ಚೀಪಿ ಬಿಸಾಡಿದ ಮಾವಿನ ವಾಟೆಯಿಂದ. ನೀರು ಕುಡಿದರೂ ನಿಲ್ಲುತ್ತಿರಲಿಲ್ಲ. ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಓಕರಿಸುತ್ತಿದ್ದ, ಬರುತ್ತಿದ್ದುದು ಬರೀ ಹಳದಿ ನೊರೆ. ಅಜೀರ್ಣ ಇರಬೇಕು ಅಂತ ನಾನು ಎರಡು ದಿನ ಸುಮ್ನೆ ಕಾದೆ. ವಾಟೆ ಕರುಳಲ್ಲಿ ಸಿಕ್ಕಿಕೊಂಡಿತ್ತು. ಆಪರೇಷನ್ ಮಾಡಿಸಬೇಕಾಯಿತು. ಮುಸುಕಿನ ಜೋಳದ ದಿಂಡು ನುಂಗಿದರೂ ಇದೇ ಗತಿಯಾಗಬಹುದು.

ಬೆಳೆದ ನಾಯಿ, ಒಂದೆರಡು ಸಲ ಕಕ್ಕಿದೆ, ಆದರೂ ಚುರುಕಾಗಿದೆ ಅಂದರೆ ಮನೆಯಲ್ಲಿ ನೋಡಿಕೊಳ್ಳಬಹುದು. ಎಂಟು ಹತ್ತು ಗಂಟೆ ಊಟ ಬೇಡ. ನೀರು ಬೇಕು, ಆದರೆ ಬಟ್ಟಲು ತುಂಬ ಇಟ್ಟರೆ ಗಟಗಟ ಕುಡಿದು ಮತ್ತೆ ಕಕ್ಕುತ್ತದೆ. ಆಗಾಗ ನಾಲ್ಕೈದು ಚಮಚ ಕೊಡಿ. ಆಮೇಲೆ ಮೆತ್ತಗೆ ಬೇಯಿಸಿದ ಅನ್ನ ಎರಡು ಪಾಲು, ಚರ್ಮ, ಮೂಳೆ ತೆಗೆದು ಬೇಯಿಸಿದ ಕೋಳಿ ಒಂದು ಪಾಲು, ಚೆನ್ನಾಗಿ ಕಿವುಚಿ ಸ್ವಲ್ಪ ಸ್ವಲ್ಪವೇ ಹಾಕಿ. ಉಪ್ಪು, ಎಣ್ಣೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೇಡವೇ ಬೇಡ, ಅವು ನಾಯಿಯ ರಕ್ತ ಕೆಡಿಸುತ್ತವೆ. ಹಾಲು ಕೊಟ್ಟರೆ ಭೇದಿ ಜಾಸ್ತಿಯಾಗಬಹುದು. ಎರಡು ಮೂರು ದಿನದಲ್ಲಿ ನಿಧಾನವಾಗಿ ಮಾಮೂಲಿ ಊಟಕ್ಕೆ ತನ್ನಿ.

ನಮ್ಮ ಮಾತ್ರೆ ಡಬ್ಬಿಗೆ ಕೈ ಹಾಕಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಯನ್ನು ಕೊಲ್ಲಬಹುದು. ಭೇದಿ ನಿಲ್ಲಿಸುವ ಮಾತ್ರೆಯನ್ನೂ ಕೇಳದೆ ಕೊಡಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ, ಅಲ್ವಾ? ಆ ಉಪ್ಪೇ ವಿಷವಾಗುತ್ತದೆ.

ವಾಂತಿ, ಭೇದಿಯಲ್ಲಿ ರಕ್ತ, ಬಿಳಿಚಿಕೊಂಡ ವಸಡು, ಹೊಟ್ಟೆ ಉಬ್ಬಿ ಬರೀ ಓಕರಿಕೆ, ಒಂದು ದಿನವಾದರೂ ನಿಲ್ಲದ ವಾಂತಿ, ಇವುಗಳಲ್ಲಿ ಯಾವುದು ಕಂಡರೂ ಡಾಕ್ಟರ ಹತ್ತಿರ ಓಡಿ. ಇಲಿ ಪಾಷಾಣ, ಚಾಕೊಲೇಟ್, ಪಾಯಸದ ಒಣದ್ರಾಕ್ಷಿ ತಿಂದಿದ್ದರಂತೂ ವಾಂತಿ ಆಗುವವರೆಗೂ ಕಾಯಬೇಡಿ. ಕೆಲವು ಪಾಷಾಣ ತಿಂದ ನಾಯಿ ಎರಡು ಮೂರು ದಿನ ಆರಾಮಾಗೇ ಓಡಾಡಿಕೊಂಡಿದ್ದು, ಆಮೇಲೆ ಒಳಗೇ ರಕ್ತ ಸೋರಿ ಸಾಯುತ್ತದೆ. ಪಾಷಾಣದ ಪೊಟ್ಟಣ ಸಿಕ್ಕರೆ ಜೊತೆಗೆ ತೆಗೆದುಕೊಂಡು ಹೋಗಿ.

ನಿಮ್ಮ ನಾಯಿಗೆ ಎಷ್ಟು ವಯಸ್ಸು ಅಂತ ಬರೆದಿಲ್ಲ. ಮರಿಯಾಗಿದ್ದು, ಲಸಿಕೆ ಪೂರ್ತಿ ಆಗಿಲ್ಲ ಅಂದರೆ ಪಾರ್ವೋ ಅನ್ನುವ ವೈರಸ್ ಕಾಯಿಲೆ ಇರಬಹುದು. ಆಗ ಈ ಉಪವಾಸ, ಅನ್ನ ಎಲ್ಲ ಬಿಟ್ಟು ಇವತ್ತೇ ಕರೆದುಕೊಂಡು ಹೋಗಿ.