ಆ 30 ಡಿಗ್ರಿಯನ್ನು ಯಾವ ಗೆರೆಯಿಂದ ಅಳೆದಿರಿ?

ಸೋವಿಯತ್ ಒಕ್ಕೂಟದ ಟಿ-34 ಯುದ್ಧಟ್ಯಾಂಕಿನ 45 ಮಿ.ಮೀ. ಮುಂಗವಚ (ಮುಂಭಾಗದ ಉಕ್ಕಿನ ಫಲಕ) 30 ಡಿಗ್ರಿ ಓರೆಯಲ್ಲಿ ಬರೀ 52 ಮಿ.ಮೀ.ಗೆ ಸಮನಾಗುವುದಾದರೆ ಅದಕ್ಕೆ ಅಷ್ಟು ಹೆಸರೇಕೆ, ಎಷ್ಟು ಓರೆ ಅತ್ಯುತ್ತಮ ಎಂದು ಕೇಳಿದ್ದೀರಿ. ಆ 52ನ್ನು ಓದಿದೊಡನೆ, ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ ನಾನು ಕಳೆದುಕೊಂಡ ಆರು ತಿಂಗಳು ಕಣ್ಣಮುಂದೆ ಬಂದವು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಎರಡನೇ ಮಹಾಯುದ್ಧದ ಟ್ಯಾಂಕುಗಳ ಕವಚವನ್ನೇ ಆರಿಸಿಕೊಂಡಿದ್ದೆ. ಫಲಕದ ದಪ್ಪವನ್ನು ಕೋನದ ಕೊಸೈನಿನಿಂದ ಭಾಗಿಸಿದರೆ ಗುಂಡು ಉಕ್ಕಿನೊಳಗೆ ಸಾಗಬೇಕಾದ ದೂರ ಸಿಗುತ್ತದೆ. ಆದರೆ ಆ ಕೋನ ಗುಂಡಿನ ದಾರಿಗೂ ಫಲಕಕ್ಕೆ ಎಳೆದ ಲಂಬಕ್ಕೂ ನಡುವಿನದಾಗಿರಬೇಕು. ಒಂದು ಪುಸ್ತಕ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ 80 ಮಿ.ಮೀ. ಫಲಕಕ್ಕೆ 55 ಡಿಗ್ರಿ ಕೊಟ್ಟಿತ್ತು. ಅದು ನೆಟ್ಟಗಿನ ಗೋಡೆಯಿಂದ ಅಳೆದದ್ದು, ಉತ್ತರ 139 ಸರಿಯಾಗಿಯೇ ಬಂತು. ಇನ್ನೊಂದು ಪುಸ್ತಕ ಟಿ-34ಕ್ಕೆ 30 ಎಂದಿತ್ತು. ಅದು ನೆಲದಿಂದ ಅಳೆದದ್ದು. ಎರಡನ್ನೂ ಒಂದೇ ಸೂತ್ರಕ್ಕೆ ಹಾಕಿದೆ. ಹಾಕಬೇಕಿದ್ದದ್ದು 90ರಲ್ಲಿ 30 ಕಳೆದ 60, ಅದರ ಕೊಸೈನ್ ಅರ್ಧ, ಉತ್ತರ 90. ನನ್ನ ನಕ್ಷೆಗಳು, ತೀರ್ಮಾನಗಳು ಎಲ್ಲವೂ ಆ ತಪ್ಪಿನ ಮೇಲೆಯೇ ನಿಂತಿದ್ದವು. ಹೊರಗಿನಿಂದ ಬಂದಿದ್ದ ಪರೀಕ್ಷಕರು "ಈ 30 ಯಾವ ಗೆರೆಯಿಂದ?" ಎಂದು ಕೇಳಿದರು, ನನ್ನಲ್ಲಿ ಉತ್ತರವಿರಲಿಲ್ಲ. ಪ್ರಾಜೆಕ್ಟನ್ನು ಮತ್ತೆ ಮಾಡಬೇಕಾಯಿತು.

ಆ ವಾರ ಚಿಕ್ಕಮಗಳೂರಿನ ಮನೆಗೆ ಹೋದಾಗ, ಹಿತ್ತಲಿನಲ್ಲಿ ಗೊನೆ ಕಡಿದು ಬಿಟ್ಟಿದ್ದ ಬಾಳೆಯ ದಿಂಡನ್ನು ಅದರ ಉದ್ದಕ್ಕೆ 30 ಡಿಗ್ರಿಯಲ್ಲಿ ಓರೆಯಾಗಿ ಕೊಯ್ದು ನೋಡಿದೆ. ಕೊಯ್ದ ಮುಖ ದಿಂಡಿನ ದಪ್ಪದ ಎರಡರಷ್ಟು ಉದ್ದವಿತ್ತು. ಅಂದಿನಿಂದ ಲಂಬರೇಖೆ ಎಳೆಯದೆ ನಾನು ಲೆಕ್ಕ ಆರಂಭಿಸಿದ್ದಿಲ್ಲ, ನೀವೂ ಎಳೆಯಿರಿ.

ಇನ್ನು "ಅತ್ಯುತ್ತಮ ಓರೆ" ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೆಟ್ಟಗಿನ ಗೆರೆಯಿಂದ 60 ಡಿಗ್ರಿ ಓರೆಯ ಫಲಕ ಅದೇ ಎತ್ತರವನ್ನು ಮುಚ್ಚಲು ಎರಡರಷ್ಟು ಉದ್ದವಿರಬೇಕು, ಆದ್ದರಿಂದ ನೆಟ್ಟಗೆ ನಿಲ್ಲಿಸಿದ 90 ಮಿ.ಮೀ. ಫಲಕಕ್ಕೆ ಹೋಲಿಸಿದರೆ ತೂಕದಲ್ಲಿ ಉಳಿತಾಯವೇನೂ ಇಲ್ಲ. ನಿಜವಾದ ಲಾಭ ಗುಂಡು ಜಾರಿಹೋಗುವುದರಲ್ಲಿದೆ, ಅದು ಗುಂಡನ್ನು ಅವಲಂಬಿಸಿದೆ. ಗುಂಡಿನ ವ್ಯಾಸ ಫಲಕದ ದಪ್ಪಕ್ಕಿಂತ ಬಹಳ ಹೆಚ್ಚಾದರೆ, ಉದಾಹರಣೆಗೆ 45 ಮಿ.ಮೀ.ಗೆ ಎದುರಾಗಿ 88 ಮಿ.ಮೀ. ಗುಂಡು ಬಂದರೆ, ಆ ಲಾಭ ಕುಗ್ಗುತ್ತದೆ; ಇಂದಿನ ಉದ್ದ ಸರಳಿನಂಥ ಟಂಗ್‌ಸ್ಟನ್ ಗುಂಡುಗಳಂತೂ ಫಲಕ ಬಹುತೇಕ ಮಲಗಿದಂತಿರುವಷ್ಟು ಓರೆಯಲ್ಲಿ ಮಾತ್ರ ಜಾರುತ್ತವೆ.

ಓರೆ ಪಡೆಯಲೆಂದು ಟ್ಯಾಂಕನ್ನೇ ತಿರುಗಿಸಿ ನಿಲ್ಲಿಸುವವರು ಪಕ್ಕದ ಕವಚವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜರ್ಮನಿಯ ಟೈಗರ್ ಟ್ಯಾಂಕಿನ ಮುಂಭಾಗ 100, ಮೇಲಿನ ಪಕ್ಕ 80 ಮಿ.ಮೀ.; ಶತ್ರುವಿಗೆ ನೇರ ಮುಖಮಾಡಿ ನಿಂತಲ್ಲಿಂದ 45 ಡಿಗ್ರಿ ತಿರುಗಿದರೆ ಅವು ಸುಮಾರು 141 ಮತ್ತು 113 ಆಗುತ್ತವೆ, 60 ತಿರುಗಿದರೆ ಮುಂಭಾಗ 200ಕ್ಕೆ ಏರಿ ಪಕ್ಕ 92ಕ್ಕೆ ಇಳಿಯುತ್ತದೆ, ಶತ್ರು ಗುರಿಯಿಡುವುದು ಆ ಪಕ್ಕಕ್ಕೆ.