ಅಂಬಾ ಬಿಡಿಸಿ ಮೂ ಕಲಿಸಬೇಕಾ? ಪುಟ್ಟ ಮಕ್ಕಳ ಇಂಗ್ಲಿಷ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಎರಡರಿಂದ ಐದು ವರ್ಷದ ಮಕ್ಕಳ ಇಂಗ್ಲಿಷ್ ಬಗ್ಗೆಯೇ ಇದೆ. ಹಾಗಾಗಿ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಮೂರೂವರೆ ವರ್ಷ. ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿಸುತ್ತಿದ್ದೇವೆ. ಹಸು ಕಂಡರೆ ‘ಅಂಬಾ’ ಅನ್ನುತ್ತಾಳೆ, ನಾಯಿ ಕಂಡರೆ ‘ಬೌ ಬೌ’. ಪಕ್ಕದ ಮನೆ ಹುಡುಗ ‘ಕೌ ಸೇಸ್ ಮೂ, ಡಾಗ್ ಸೇಸ್ ವೂಫ್’ ಅಂತ ಪಟಪಟ ಹೇಳುತ್ತಾನೆ. ಈಗಲೇ ಕನ್ನಡದ್ದು ಬಿಡಿಸಿ ಇಂಗ್ಲಿಷಿನದು ಹೇಳಿಕೊಡದಿದ್ದರೆ ಮುಂದೆ ಗೊಂದಲ ಆಗುತ್ತೆ ಅನ್ನುತ್ತಾರೆ ನಮ್ಮ ಯಜಮಾನರು. ಏನು ಮಾಡಲಿ?
- ಒಬ್ಬ ತಾಯಿ, ತಿಪಟೂರು

ಉತ್ತರ: ದಯವಿಟ್ಟು ಬಿಡಿಸಬೇಡಿ. ಗೊಂದಲ ಆಗಲ್ಲ. ಮಂಗಳೂರು ಕಡೆ ಎಷ್ಟೋ ಮಕ್ಕಳು ಅಮ್ಮನ ಹತ್ತಿರ ತುಳು ಅಥವಾ ಕೊಂಕಣಿ ಮಾತಾಡಿ, ಶಾಲೆಯಲ್ಲಿ ಕನ್ನಡ ಮಾತಾಡಿ, ಸಂಜೆ ಮತ್ತೆ ಮನೆ ಮಾತಿಗೆ ಮರಳುತ್ತವೆ. ಯಾರ ಹತ್ತಿರ ಯಾವ ಮಾತು ಅನ್ನೋದು ಆ ವಯಸ್ಸಿನಲ್ಲೇ ಅವಕ್ಕೆ ಚೆನ್ನಾಗಿ ಗೊತ್ತಿರುತ್ತದೆ. ನಿಮ್ಮ ಮಗಳಿಗೂ ಅಷ್ಟೇ. ‘ಹಸು ಅಂಬಾ ಅನ್ನುತ್ತೆ, ಇಂಗ್ಲಿಷ್‌ನವರು ಅದನ್ನೇ ಮೂ ಅಂತಾರೆ’ ಅಂದರೆ ಸಾಕು, ಅವಳಿಗೆ ಅರ್ಥವಾಗುತ್ತದೆ. ಕೋಳಿಯ ಕೂಗು ನಮಗೆ ಕೊಕ್ಕೊಕ್ಕೋ, ಹಿಂದಿಯವರಿಗೆ ಕುಕ್ಡೂಕೂ, ಫ್ರೆಂಚರಿಗೆ ಕೊಕೊರಿಕೊ, ಜರ್ಮನರಿಗೆ ಕಿಕೆರಿಕಿ, ಇಂಗ್ಲಿಷರಿಗೆ ಕಾಕ್-ಅ-ಡೂಡಲ್-ಡೂ. ಇದನ್ನು ಅವಳಿಗೆ ಆಟದ ಹಾಗೆ ಹೇಳಿ ನೋಡಿ, ಬಿದ್ದು ಬಿದ್ದು ನಗುತ್ತಾಳೆ.

ಎಲ್ಲಿಂದ ಶುರು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತುಟಿ ಮುಚ್ಚಿ ತೆರೆದರೆ ಬರುವ ಸದ್ದುಗಳು ಮಕ್ಕಳಿಗೆ ಮೊದಲು ದಕ್ಕುತ್ತವೆ. ಅಮ್ಮ, ಅಪ್ಪ ಬೇಗ ಬರೋದು ಅದಕ್ಕೇ. ಆದ್ದರಿಂದ ಹಸುವಿನ ಮೂ, ಕುರಿಯ ಬಾ, ಬೆಕ್ಕಿನ ಮಿಯಾಂವ್ ಮೊದಲು ಬರಲಿ. ವೂಫ್, ಕ್ವಾಕ್ ಎಲ್ಲ ಆಮೇಲೆ. ಅವಳು ದಿನಾ ನೋಡುವ ಪ್ರಾಣಿ ಮಾತ್ರ ಸಾಕು. ಬೀದಿಯಲ್ಲಿ ಹಸು ಬಂದಾಗ ಅಲ್ಲೇ ನಿಂತು ‘ಲುಕ್, ಎ ಕೌ! ಕೌ ಸೇಸ್ ಮೂ’ ಅನ್ನಿ, ಮುಂದೆ ಹೋಗಿ. ಹೇಳು ಹೇಳು ಅಂತ ಕೂರಿಸಿ ಕೇಳಬೇಡಿ. ಮನೆಯಲ್ಲಿ ನೀವೇ ಮೂ ಅನ್ನಿ, ಅವಳು ಚಿತ್ರಪುಸ್ತಕದಲ್ಲಿ ಹಸುವನ್ನು ಬೆರಳಿಟ್ಟು ತೋರಿಸಲಿ. ಬಾಯಲ್ಲಿ ಬರುವ ಎಷ್ಟೋ ದಿನ ಮೊದಲೇ ಮಗುವಿಗೆ ಅರ್ಥ ಆಗಿರುತ್ತದೆ, ಅದೂ ಕಲಿಕೆಯೇ ಅಲ್ವಾ?

ಇನ್ನು ಕಪ್ಪೆ. ವಿಡಿಯೊಗಳಲ್ಲೆಲ್ಲ ಅದು ‘ರಿಬಿಟ್’ ಅನ್ನುತ್ತದೆ. ಅದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಒಂದು ಪುಟ್ಟ ಕಪ್ಪೆಯ ಕೂಗು. ಹಾಲಿವುಡ್ ಸಿನಿಮಾಗಳು ಆ ಕಡೆಯವು, ಹಾಗಾಗಿ ಅದೇ ಎಲ್ಲಾ ಕಡೆ ಹರಡಿತು. ನಿಮ್ಮೂರಿನ ಕೆರೆ ಕಪ್ಪೆ ಹಾಗೆ ಕೂಗಲ್ಲ. ಮಳೆ ಬಂದ ರಾತ್ರಿ ಅವಳನ್ನು ಬಾಗಿಲ ಹತ್ತಿರ ಕೂರಿಸಿಕೊಂಡು ವಟವಟ ಕೇಳಿಸಿ. ಇಂಗ್ಲಿಷಿನಲ್ಲಿ ಹೇಳಲೇಬೇಕು ಅಂದರೆ ‘ಕ್ರೋಕ್’ ಅಂತ ಇದೆ.

ಪ್ರಶ್ನೆ: ನಮಸ್ಕಾರ ರೀ ಮೇಡಂ. ನಾನು ಅಂಗನವಾಡಿ ಕಾರ್ಯಕರ್ತೆ. ಯಾರು ಬಂದರೂ ಮಕ್ಕಳೆಲ್ಲ ಎದ್ದು ನಿಂತು ರಾಗವಾಗಿ ‘ಗುಡ್ ಮಾರ್ನಿಂಗ್ ಟೀಚರ್’ ಅಂತಾವ್ರಿ. ಮಧ್ಯಾಹ್ನ ಮೂರಕ್ಕೆ ಸೂಪರ್‌ವೈಸರ್ ಬಂದರೂ ಅದೇ. ಹೆಂಗ ತಿದ್ದಬೇಕ್ರಿ?
- ಸಿಂಧನೂರು

ಉತ್ತರ: ಅಕ್ಕಾ, ಮಕ್ಕಳ ತಪ್ಪು ಏನೂ ಇಲ್ಲ. ಹೊತ್ತು ನೋಡಿ ನಮಸ್ಕಾರ ಬದಲಾಯಿಸುವುದು ನಮ್ಮ ಮನೆಗಳಲ್ಲಿ ಇಲ್ಲವೇ ಇಲ್ಲ. ‘ಆರಾಮ ಅದೀರೇನ್ರಿ’ ಅಂತ ಬೆಳಗ್ಗೆಯೂ ಕೇಳುತ್ತೇವೆ, ರಾತ್ರಿಯೂ ಕೇಳುತ್ತೇವೆ. ಮಕ್ಕಳ ಕಿವಿಗೆ ‘ಗುಡ್ ಮಾರ್ನಿಂಗ್ ಟೀಚರ್’ ಅನ್ನೋದು ದೊಡ್ಡವರು ಒಳಗೆ ಬಂದಾಗ ಎದ್ದು ಮಾಡುವ ಒಂದು ಸದ್ದು, ಅಷ್ಟೇ.

ಗಡಿಯಾರ ಬೇಡ, ಊಟ ಹಿಡಿಯಿರಿ. ಅಂಗನವಾಡಿಯ ಮಗುವಿಗೆ ಮಧ್ಯಾಹ್ನದ ಊಟ ಚೆನ್ನಾಗಿ ಗೊತ್ತು. ಊಟಕ್ಕೆ ಮೊದಲು ಗುಡ್ ಮಾರ್ನಿಂಗ್, ಊಟ ಆಗಿ ಕೈ ತೊಳೆದ ಮೇಲೆ ಗುಡ್ ಆಫ್ಟರ್‌ನೂನ್. ಕೈ ತೊಳೆಯುವ ಸಾಲಿನಲ್ಲೇ ಒಬ್ಬೊಬ್ಬರಿಗೂ ಹೇಳಿ. ನಿಜವಾದ ಲೆಕ್ಕ ಹನ್ನೆರಡು ಗಂಟೆಯದು, ಅದು ಮುಂದೆ ಗಡಿಯಾರ ಕಲಿತಾಗ ತಾನಾಗೇ ಬರುತ್ತದೆ.

ರಾಗ ಹೋಗಬೇಕು ಅಂದರೆ ಗುಂಪಿನಲ್ಲಿ ಹೇಳಿಸುವುದನ್ನು ಕಡಿಮೆ ಮಾಡಿ. ಬೆಳಗ್ಗೆ ಬಾಗಿಲಲ್ಲಿ ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು, ಹೆಸರು ಹಿಡಿದು ಗುಡ್ ಮಾರ್ನಿಂಗ್ ಅನ್ನಿ. ಒಂದು ಮಗು ಕೈ ಮುಗಿಯಲಿ, ಇನ್ನೊಂದು ಕೈ ಕುಲುಕಲಿ, ಮತ್ತೊಂದು ಸುಮ್ನೆ ನಗಲಿ. ನಿಮಗೆ ಪೌಷ್ಟಿಕ ಆಹಾರ, ರಿಜಿಸ್ಟರ್, ಸರ್ವೆ ಅಂತ ಎಷ್ಟು ಕೆಲಸ ಇರುತ್ತದೆ ಅಂತ ಗೊತ್ತು, ಅದಕ್ಕೇ ಬೇರೆ ಪಾಠ ಹೇಳುತ್ತಿಲ್ಲ. ಮಕ್ಕಳು ಹೇಗಿದ್ದರೂ ಬಾಗಿಲು ದಾಟಿ ಬರಲೇಬೇಕು.

ಸ್ವಲ್ಪ ಬಿಡುವು ಸಿಕ್ಕರೆ ಈ ಆಟ ಆಡಿಸಿ. ಒಂದು ಮಗು ಕಣ್ಣು ಮುಚ್ಚಿ ನಡುವೆ ಕೂರಬೇಕು. ಹಿಂದಿನಿಂದ ಇನ್ನೊಂದು ಮಗು ಬಂದು ‘ಮಿಯಾಂವ್, ಗುಡ್ ಮಾರ್ನಿಂಗ್!’ ಅನ್ನಬೇಕು. ಕೂತ ಮಗು ‘ಗುಡ್ ಮಾರ್ನಿಂಗ್, ಕ್ಯಾಟ್!’ ಅಂತ ಉತ್ತರ ಕೊಟ್ಟು, ದನಿ ಯಾರದು ಅಂತ ಹೇಳಬೇಕು. ತನ್ನ ದನಿಯಲ್ಲಿ ಒಂದು ಮಾತೂ ಆಡದ ನಾಚಿಕೆಯ ಮಗು ಬೆಕ್ಕಿನ ದನಿಯಲ್ಲಿ ಧೈರ್ಯವಾಗಿ ಮಾತಾಡುತ್ತದೆ. ಇದನ್ನು ನೋಡುವುದೇ ಒಂದು ಸಂತೋಷ. ಹಳೆ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಮುಖವಾಡ ಕತ್ತರಿಸಿ ಕೊಟ್ಟರೆ ಇನ್ನೂ ಚೆನ್ನ, ಖರ್ಚೂ ಇಲ್ಲ. ಹಾಡು, ಆಟ, ಕಾರ್ಡು ಇಟ್ಟುಕೊಂಡು ಕಲಿಸುವುದು ನಮ್ಮಲ್ಲಿ ಹೊಸದೂ ಅಲ್ಲ. ಸರ್ಕಾರಿ ಶಾಲೆಗಳ ನಲಿ-ಕಲಿ 1995ರಲ್ಲೇ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು.

ಪ್ರಶ್ನೆ: ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಎರಡು ವರ್ಷದ ಮಗನಿಗೆ ಯೂಟ್ಯೂಬ್‌ನಲ್ಲಿ ಇಂಗ್ಲಿಷ್ ರೈಮ್ಸ್ ಹಾಕಿಕೊಡುತ್ತೇವೆ. ಪ್ರಾಣಿಗಳ ಸದ್ದು, ಹಲೋ, ಬೈ ಎಲ್ಲ ಅದರಲ್ಲೇ ಇದೆ. ಸಾಕಲ್ವಾ?
- ಬೆಂಗಳೂರು

ಉತ್ತರ: ಸಾಲದು. ನಿಮ್ಮ ಸುಸ್ತು ನನಗೆ ಅರ್ಥವಾಗುತ್ತದೆ, ಆದರೂ ನೇರವಾಗಿಯೇ ಹೇಳಬೇಕು. ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದ್ದರು, 2003ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಟವಾಡುತ್ತಾ ಮಾತಾಡಿದಾಗ ಕೂಸುಗಳು ಆ ಭಾಷೆಯ ಸದ್ದುಗಳನ್ನು ಗುರುತಿಸುವುದು ಕಲಿತವು. ಅದೇ ಮಾತನ್ನು ಟಿವಿಯಲ್ಲಿ ತೋರಿಸಿದಾಗ ಕಲಿಯಲಿಲ್ಲ. ಮಗು ನಿಮ್ಮ ಕಣ್ಣು ನೋಡುತ್ತದೆ, ತಾನು ‘ಮೂ’ ಅಂದ ಮೇಲೆ ನೀವು ಏನು ಮಾಡುತ್ತೀರಿ ಅಂತ ಕಾಯುತ್ತದೆ. ಪರದೆಯಲ್ಲಿನ ಹಸು ಕಾಯಲ್ಲ, ಮುಂದಿನ ಪ್ರಾಣಿಗೆ ಹೋಗಿಬಿಡುತ್ತದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ, ಕಡಿಮೆ ಆದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ತೋರಿಸಲೇಬೇಕಾದರೆ ಪಕ್ಕದಲ್ಲಿ ಕೂತು, ನಿಲ್ಲಿಸಿ ನಿಲ್ಲಿಸಿ ಮಾತಾಡಿ. ಸ್ನಾನ ಮಾಡಿಸುವಾಗಿನ ಹತ್ತು ನಿಮಿಷದಲ್ಲಿ ಪ್ಲಾಸ್ಟಿಕ್ ಬಾತುಕೋಳಿ ಜೊತೆ ‘ಹಲೋ ಡಕ್, ಕ್ವಾಕ್ ಕ್ವಾಕ್, ಬೈ ಡಕ್’ ಅಂದರೆ ಆ ವಿಡಿಯೊಗಿಂತ ಎಷ್ಟೋ ಜಾಸ್ತಿ ಸಿಗುತ್ತದೆ.

ಪ್ರಶ್ನೆ: ಮೊಮ್ಮಗನಿಗೆ ಎರಡು ತುಂಬಿಲ್ಲ, ಅಮೆರಿಕದಲ್ಲಿದ್ದಾನೆ. ವಿಡಿಯೊ ಕಾಲ್‌ನಲ್ಲಿ ಕೊಟ್ಟಿಗೆಯ ದನ ತೋರಿಸಿದರೆ ‘ಮೂ’ ಅನ್ನುತ್ತಾನೆ. ನನಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಫೋನ್ ತೋರಿಸಿದರೆ ಮಗುವಿಗೆ ತೊಂದರೆಯೋ ಎಂಬ ಹೆದರಿಕೆಯೂ ಇದೆ.
- ಒಬ್ಬ ಅಜ್ಜ, ಶಿರಸಿ

ಉತ್ತರ: ಹೆದರಬೇಡಿ ಅಜ್ಜ. ಎರಡು ವರ್ಷದೊಳಗೆ ಪರದೆಯೇ ಬೇಡ ಅನ್ನುವ ನಮ್ಮ ದೇಶದ ಮಕ್ಕಳ ವೈದ್ಯರ ಸಂಘ ಕೂಡ ಬಂಧುಗಳ ಜೊತೆ ಆಗಾಗ ಮಾಡುವ ವಿಡಿಯೊ ಕಾಲ್‌ಗೆ ವಿನಾಯಿತಿ ಕೊಟ್ಟಿದೆ. ನೀವು ಅವನಿಗೆ ಉತ್ತರ ಕೊಡುತ್ತೀರಿ, ಅವನು ನಿಮಗೆ ಕೊಡುತ್ತಾನೆ. ವಿಡಿಯೊ ಹಾಡಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಇಂಗ್ಲಿಷ್ ಅವನಿಗೆ ಅಲ್ಲಿ ಬೇಕಾದಷ್ಟು ಸಿಗುತ್ತದೆ. ಅವನು ಮೂ ಅಂದಾಗ ‘ಹೌದು ಪುಟ್ಟಾ, ಮೂ! ನಮ್ಮ ದನ ಅಂಬಾ ಅಂತು’ ಅನ್ನಿ, ನಿಜವಾದ ದನ ಕೂಗುವವರೆಗೆ ಸ್ವಲ್ಪ ಕಾದು ಕೇಳಿಸಿ. ನಿಮ್ಮ ಕೊಟ್ಟಿಗೆ ಅವನ ಹತ್ತಿರ ಇಲ್ಲ. ಅದನ್ನು ಕೊಡಬಲ್ಲವರು ನೀವು ಮಾತ್ರ.

ಪ್ರಶ್ನೆ: ನನ್ನದು ಕನ್ನಡ ಮೀಡಿಯಂ. ‘ಗುಡ್ಡು ಮಾರ್ನಿಂಗು’ ಅಂತಲೇ ಬಾಯಿಗೆ ಬರುತ್ತದೆ. ನಾನು ಹೇಳಿಕೊಟ್ಟರೆ ಮಗುವಿನ ಉಚ್ಚಾರ ಹಾಳಾಗುತ್ತದಾ?
- ದಾವಣಗೆರೆ

ಉತ್ತರ: ಹಾಳಾಗಲ್ಲ, ಹೇಳಿಕೊಡಿ. ಮಗು ಮುಂದೆ ಶಾಲೆಯಲ್ಲಿ, ಗೆಳೆಯರಲ್ಲಿ ಬೇರೆ ಬೇರೆ ದನಿ ಕೇಳುತ್ತದೆ. ಕೊನೆಗೆ ಉಕಾರ ಸೇರಿಸುವುದು ನಮ್ಮ ನಾಲಿಗೆಯ ರೂಢಿ. ಪ್ರಾಣಿಗಳ ಸದ್ದು ನಿಮಗೂ ಒಳ್ಳೆ ಅಭ್ಯಾಸ. ಹಾವಿನ ‘ಹಿಸ್ಸ್’ ಎಳೆಯಿರಿ, ಜೇನಿನ ‘ಬಝ್ಝ್’ ಎಳೆಯಿರಿ, ಕೊನೆಗೆ ಉ ಸೇರಿಸದೆ ನಿಲ್ಲಿಸಿ. ಗಂಟಲ ಮೇಲೆ ಬೆರಳಿಟ್ಟುಕೊಂಡರೆ ಜೇನಿನದಕ್ಕೆ ನಡುಗುತ್ತದೆ, ಹಾವಿನದಕ್ಕೆ ನಡುಗಲ್ಲ. ಮಗುವಿನ ಬೆರಳನ್ನೂ ಅದರ ಗಂಟಲಿಗೆ ಇಡಿಸಿ. ಇಬ್ಬರೂ ಒಟ್ಟಿಗೆ ಕಲಿಯಿರಿ.

ಪ್ರಶ್ನೆ: ಸಂಜೆ ಏಳಕ್ಕೆ ಬಂದ ನೆಂಟರಿಗೆ ಮಗ ‘ಗುಡ್ ನೈಟ್’ ಅಂದ, ಎಲ್ಲರೂ ನಕ್ಕರು. ಈಗ ಯಾರು ಬಂದರೂ ಬಾಯಿ ಬಿಡಲ್ಲ.
- ಮೈಸೂರು

ಉತ್ತರ: ಬರುವಾಗ ಗುಡ್ ಈವ್ನಿಂಗ್, ಹೊರಡುವಾಗ ಅಥವಾ ಮಲಗುವಾಗ ಗುಡ್ ನೈಟ್. ಇದು ದೊಡ್ಡವರೂ ತಪ್ಪುವ ಜಾಗ, ನಗಬಾರದಿತ್ತು. ಸದ್ಯಕ್ಕೆ ‘ಅಂಕಲ್‌ಗೆ ಹಾಯ್ ಹೇಳು’ ಅಂತ ಮುಂದೆ ತಳ್ಳುವುದನ್ನು ಪೂರ್ತಿ ಬಿಡಿ. ಪ್ರಾಣಿಗಳ ಸದ್ದು ಮಾಡಿ ತೋರಿಸು ಅಂತಲೂ ನೆಂಟರ ಮುಂದೆ ಕೇಳಬೇಡಿ. ನೀವೇ ಅವರನ್ನು ಮಾತಾಡಿಸಿ, ಅವನು ನಿಮ್ಮ ಸೆರಗು ಹಿಡಿದು ನಿಂತು ನೋಡಲಿ. ರಾತ್ರಿ ಮಲಗಿಸುವಾಗ ಅವನ ಆಟದ ಸಾಮಾನಿಗೆಲ್ಲ ಒಂದೊಂದಾಗಿ ‘ಗುಡ್ ನೈಟ್ ಡಾಗ್, ಗುಡ್ ನೈಟ್ ಬಸ್’ ಹೇಳಿ. ಒಂದೆರಡು ಹೆಸರು ಬೇಕೆಂದೇ ಬಿಟ್ಟುಬಿಡಿ, ಬಿಟ್ಟದ್ದನ್ನು ಅವನೇ ಹೇಳಲಿ.